ಥರ್ಮಾಮೀಟರ್ ಕೊಡವುವ ಕೈ

ಜೆಪ್ಪು, ಮಂಗಳೂರು
ಮೇ, ೧೯೬೩

ಉಮಾ ಮಾರಾಯ್ತಿ,

ನೀನು ಬರಲಿಲ್ಲ. ಬೊಂಬಾಯಿಯಲ್ಲಿ ಅತ್ತೆ ಹಾಸಿಗೆ ಹಿಡಿದಿರುವಾಗ ಹೇಗೆ ಬರುತ್ತಿ, ಗೊತ್ತುಂಟು. ಆದರೂ ಸಿಟ್ಟು ಬಂತು, ಬರೆದೇ ಬಿಡುತ್ತೇನೆ. ನಮ್ಮ ತಂಗಿ ಡಾಲಿಯ ಮದುವೆ ಮುಗಿಯಿತು. ನನ್ನ ಕಾಲು ಬಾತಿದೆ, ಪಾತ್ರೆಗಳು ಇನ್ನೂ ಅಂಗಳದಲ್ಲೇ ಬಿದ್ದಿವೆ, ನಾಳೆ ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿ. ಆದರೆ ಮದುವೆಯ ಹಿಂದಿನ ಸಂಜೆಯ ರೋಸಿನದ್ದು ನಿನಗೆ ಹೇಳದೆ ಹೇಗಿರಲಿ?

ಕ್ರಿಸ್ಮಸ್ ಕಳೆದು ಪಪ್ಪನಿಗೆ ಲಕ್ವ ಹೊಡೆದದ್ದು ಬರೆದಿದ್ದೆನಲ್ಲ. ಬಲಗೈ ಹೋಯಿತು, ಮಾತೂ ಅರ್ಧ ಹೋಯಿತು. ಜೆಪ್ಪುವಿನಲ್ಲಿ ಯಾರ ಮಗಳ ರೋಸ್ ಇರಲಿ, ತಲೆಗೆ ತೆಂಗಿನ ಹಾಲು ಹೊಯ್ಯುವಾಗ ಹೆಂಗಸರ ವೊವಿಯೊ ಹಾಡಿಗೆ ನೀನು 'ಪೊರ್ಬುಲು' ಎಂದು ಕರೆಯುವ ನಮ್ಮ ಪಪ್ಪ ಮ್ಯಾಂಡೋಲಿನ್ ಹಿಡಿದು ಕೂರಲೇಬೇಕಿತ್ತು. ಈಗ ಸ್ವಂತ ಮಗಳ ರೋಸಿಗೆ ಇಲ್ಲ ಎಂದರೆ? ಗೋಡೆಯ ಮ್ಯಾಂಡೋಲಿನ್ ಕಡೆ ಎಡಗೈ ತೋರಿಸಿ ಪಪ್ಪ ಹೇಳಿದ್ದು ಒಂದೇ ಶಬ್ದ: "ಉಮಾ."

ನನಗೆ ಚುಚ್ಚಿತು. ಒಂದೇ ಜಗಲಿಯಲ್ಲಿ ಪಪ್ಪನ ಹತ್ತಿರ ಕಲಿಯಲು ಕೂತವರಲ್ಲವಾ ನಾವು? "ಉಮಾಳದ್ದು ಕೈ. ನೆಲ್ಲಿ, ನಿನ್ನದು ತೆಂಗಿನಕಾಯಿ ಹೆರೆಯುವ ಕೈ" ಎಂದು ನಿನ್ನೆದುರೇ ಹೇಳಿದ್ದರು. ನೀನು ನಕ್ಕೆ, ನಾನೂ ನಕ್ಕೆ. ಮರುದಿನದಿಂದ ನಾನು ಮ್ಯಾಂಡೋಲಿನ್ ಮುಟ್ಟಲಿಲ್ಲ.

ಬರಲಾಗುವುದಿಲ್ಲ ಎಂದು ನಿನ್ನ ಕಾಗದ ಬಂದಾಗ ಬಾರಿಸಲು ಉಳಿದವಳು ನಾನೊಬ್ಬಳೇ; ಅಷ್ಟರಲ್ಲಿ ತಪಸ್ಸಿನ ಕಾಲ ಶುರುವಾಗಿತ್ತು. ಈಸ್ಟರ್ ತನಕ ನಮ್ಮ ಮನೆಯಲ್ಲಿ ವಾದ್ಯ ಬಾರಿಸುವ ಹಾಗಿಲ್ಲ. ಈಸ್ಟರ್ ಕಳೆದ ಮೇಲೆ ಕಲಿಯಲು ದಿನ ಎಲ್ಲುಂಟು? ಪಪ್ಪನೇ ದಾರಿ ಹುಡುಕಿದರು. ತಂತಿಗಳ ಅಡಿಗೆ ಹಳೆ ಸೀರೆಯ ಚೂರು ತುರುಕಿಸಿದರು. ಸದ್ದೇ ಇಲ್ಲದಿದ್ದರೆ ದೇವರಿಗೆ ಎಂತ ತಕರಾರು? ಡ್ಯೂಟಿ ಮುಗಿಸಿ ಬಂದು ಮಂಚದಲ್ಲಿ ಅವರ ಬಲಗಡೆ ಕೂರುತ್ತಿದ್ದೆ. ಅವರ ಎಡಗೈ ತಂತಿ ಒತ್ತುವುದು, ನನ್ನ ಬಲಗೈ ಮೀಟುವುದು.

ಸೋಪಿನ ಪೆಟ್ಟಿಗೆಯಿಂದ ಕತ್ತರಿಸಿದ ಆ ಮೀಟುವ ಬಿಲ್ಲೆ ನೆನಪುಂಟಾ? ಅದನ್ನು ಬಿಗಿಯಾಗಿ ಹಿಡಿದು ಮೊಣಕೈಯಿಂದಲೇ ಗೀರುತ್ತಿದ್ದೆ. ಪಪ್ಪ ಅಲ್ಲ ಅಲ್ಲ ಎಂದು ತಲೆಯಾಡಿಸುವುದು, ವಿವರಿಸಲು ಬಾಯಿ ತಿರುಗದೆ ಕಣ್ಣು ತುಂಬಿಕೊಳ್ಳುವುದು. ಸಾಕಪ್ಪಾ ಸಾಕು, ಇನ್ನು ನನ್ನಿಂದ ಆಗುವುದಿಲ್ಲ ಅನ್ನಿಸಿತ್ತು. ಒಂದು ದಿನ ವಾರ್ಡಿನಲ್ಲಿ ಥರ್ಮಾಮೀಟರ್ ಕೊಡವುತ್ತಿದ್ದವಳು ಹಾಗೇ ನಿಂತೆ. ಅಯ್ಯೋ, ಇದೇ ಅಲ್ಲವಾ! ಮೊಣಕೈ ಸುಮ್ಮನೆ ಉಂಟು, ಮಣಿಕಟ್ಟು ಮಾತ್ರ ಸಡಿಲವಾಗಿ ಹಾರುತ್ತದೆ. ಅವತ್ತು ಮನೆಗೆ ಬಂದು ಹಾಗೇ ಮೀಟಿದೆ. ಕೆಳಗೆ ಹೋಗುವಾಗ ಎಲ್ಲ ತಂತಿ, ಮೇಲೆ ಬರುವಾಗ ಬರೀ ಸವರಿದರೆ ಸಾಕು. ಪಪ್ಪ ತಲೆಯಾಡಿಸಲಿಲ್ಲ.

ಆದರೆ ತಾಳ? ಮನೆಯಲ್ಲಿ ಹಾಡೇ ಇಲ್ಲವಲ್ಲ. ಒಳಗೆ ಡಾಲಿ ಜಪಮಾಲೆ ಮುಗಿಸಿ ಲದಿನ್ ಹೇಳುತ್ತಿದ್ದಳು, ಮಾತೆಯ ಒಂದೊಂದು ಹೆಸರಿಗೂ 'ನಮಗಾಗಿ ಪ್ರಾರ್ಥಿಸು' ಎಂದು ಎಳೆದು ಎಳೆದು. ಬೇರೆ ಗತಿಯಿಲ್ಲದೆ ಅದಕ್ಕೇ ಕೈ ಹೊಂದಿಸಿಕೊಂಡೆ. ಈಸ್ಟರ್ ದಿನ ಬಟ್ಟೆ ತೆಗೆದು ಮೀಟಿದರೆ, ದೇವಾ, ಮದುವೆಯ ಹಾಡು ಲದಿನ್ ಹಾಗೆ ತೆವಳುತ್ತಿದೆ! ವೇಗ ಹೆಚ್ಚಿಸಲು ಹೋದರೆ ಕೈ ಪುನಃ ಕಾಯಿ ಹೆರೆಯಿತು. ಪಪ್ಪ ಮುಖ ಗೋಡೆಗೆ ತಿರುಗಿಸಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ರೋಸಿನ ಸಂಜೆ ಚಪ್ಪರದಡಿ ಪಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ. ಊರೆಲ್ಲ ಎದುರಿಗುಂಟು. ಮರ್ಯಾದೆ ಹೋದರೆ ಹೋಗಲಿ ಎಂದು ಲದಿನ್ ನಡೆಯಲ್ಲೇ ಮೀಟಿದೆ. ಎಲ್ಲ ರೋಸಿನಲ್ಲೂ ಮೊದಲು ಹಾಡೆತ್ತುವ ಡುಲ್ಸಿನ್ ಬಾಯಿ ವೊವಿಯೊ ಎತ್ತಿದರು, ಉಳಿದ ಮುದುಕಿಯರು ಸೇರಿದರು. ಯಾರೂ ಮುಗ್ಗರಿಸಲಿಲ್ಲ, ಯಾರಿಗೂ ಏದುಸಿರಿಲ್ಲ. ಮುಗಿದ ಮೇಲೆ ಡುಲ್ಸಿನ್ ಬಾಯಿ ಸೊಂಟಕ್ಕೆ ಕೈಯಿಟ್ಟು, ಪಪ್ಪನ ಕಡೆ ನೋಡಿ ಹೇಳಿದರು, "ಅಂತೂ ನಮ್ಮ ಉಸಿರಿಗೆ ಸರಿಯಾಗಿ ಬಾರಿಸುವವರು ಸಿಕ್ಕಿದರು. ಈ ಆಂಬ್ರೋಸ್ ಇಷ್ಟು ವರ್ಷ ನಮ್ಮನ್ನು ಓಡಿಸಿ ಓಡಿಸಿ ಕೊಂದ!"

ಚಪ್ಪರವೆಲ್ಲ ನಕ್ಕಿತು. ಪಪ್ಪ ಅರ್ಧ ಬಾಯಿಯಲ್ಲೇ ನಕ್ಕರು. ಆಮೇಲೆ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು, ಬಹಳ ಕಷ್ಟಪಟ್ಟು, ಎರಡು ಶಬ್ದ ಹೇಳಿದರು. "ನೆಲ್ಲಿಯದ್ದು... ಕೈ."

ಅಷ್ಟೇ ಉಮಾ. ಇದನ್ನು ನಿನ್ನ ಹತ್ತಿರ ಅಲ್ಲದೆ ಬೇರೆ ಯಾರ ಹತ್ತಿರ ಹೇಳಲಿ? ನನಗೆ ನಿದ್ದೆ ಬರುತ್ತಿದೆ, ಅಕ್ಷರ ವಾಲುತ್ತಿದೆ. ನಿನ್ನ ಅತ್ತೆ ಎದ್ದು ಓಡಾಡುವಂತಾಗಲಿ. ನಮ್ಮ ಮಾತೆ, ನಿಮ್ಮ ದೈವಗಳು, ಎಲ್ಲರೂ ಸೇರಿ ನಿನ್ನನ್ನು ಕಾಯಲಿ. ಊರಿಗೆ ಬಂದಾಗ ಜಗಲಿಗೆ ಬಾ, ಪಪ್ಪನ ಎಡಗಡೆ ಕೂರು. ಬಲಗಡೆಯ ಜಾಗ ಮಾತ್ರ ನನ್ನದು.

ಕಾಯಿ ಹೆರೆಯುವ ಕೈಯ,
ನಿನ್ನ ನೆಲ್ಲಿ