ಹೆಬ್ಬೆಟ್ಟಿನ ಜಾಗ

ಆನೆಕೊಂಡ, ದಾವಣಗೆರೆ
೨೮-೬-೧೯೬೧, ಬುಧವಾರ

ಪ್ರೀತಿಯ ಅವ್ವಾ,

ನಿನಗೆ ಕಾಗದ ಬರೆಯುವುದೇ ತಪ್ಪೆಂದು ಗೊತ್ತಿದೆ. ಮಠಕ್ಕೆ ಕೊಟ್ಟ ಮಗ ಮನೆಯವರಿಗೆ ಬರೆಯಬಾರದೆಂದು ಹನ್ನೊಂದು ವರ್ಷ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ, ಹೊಟ್ಟೆಗೆ ಹಾಕಿಕೋ. ನಿನ್ನ ಮೊಣಕಾಲು ನೋವು ಹೇಗಿದೆ? ಹೊಳೆಯ ಮೆಟ್ಟಿಲು ಇಳಿದು ಬಟ್ಟೆ ಒಗೆಯುವುದನ್ನು ಬಿಟ್ಟೆಯಾ? ತಂಗಿ ಕಸ್ತೂರಿಗೆ ಮತ್ತೆ ಜ್ವರ ಬಂದಿಲ್ಲವಷ್ಟೇ? ಮನೆಯ ವಿಳಾಸಕ್ಕೆ ಹಾಕಿದರೆ ಅಪ್ಪ ಒಡೆಯದೆ ವಾಪಸ್ ಕಳಿಸುತ್ತಾರೆಂದು ಪಕ್ಕದ ಮನೆಯ ಖುರ್ಷೀದಾ ಟೀಚರ ಹೆಸರಿಗೆ ಹಾಕಿದ್ದೇನೆ. ಅವರು ಓದಿ ಹೇಳುತ್ತಾರೆ. ಓದುವಾಗ ನೀನು ಎದ್ದು ನಿಂತು ಸೆರಗು ಹೊದ್ದುಕೊಳ್ಳಬೇಡ, ಕೂತೇ ಕೇಳು.

ಸುದ್ದಿ ಏನೆಂದರೆ, ಮತ್ತೆ ಪಿ.ಯು.ಸಿ.ಗೆ ಅರ್ಜಿ ಹಾಕಿದ್ದೇನೆ. ಐವತ್ತೆಂಟರಲ್ಲಿ ಸೇರಿ ಆರು ತಿಂಗಳಿಗೇ ಬಿಟ್ಟದ್ದು ನಿನಗೆ ಗೊತ್ತಿರಲಾರದು. ಗುರುಗಳಿಗೆ ಲಕ್ವ ಹೊಡೆಯಿತು. ಬೇರೆ ಯಾರು ಕುಡಿಸಿದರೂ ಗಂಜಿ ಉಗುಳುತ್ತಿದ್ದರು, ಹಾಗಾಗಿ ಎರಡು ವರ್ಷ ನಾನೇ ಕುಡಿಸಿದೆ. ಈ ಸಲದ ಶಿವರಾತ್ರಿಗೆ ಮುಂಚೆ ಲಿಂಗೈಕ್ಯರಾದರು. ಹಿರಿಯರು ಕೂತು ಪಟ್ಟಕ್ಕೆ ಬೇರೊಬ್ಬನನ್ನು ಆರಿಸಿದರು. ಅವನು ವಚನ ಚೆನ್ನಾಗಿ ಹೇಳುತ್ತಾನೆ. ನನಗೆ ವರ್ಷದ ಫೀಜು ಕಟ್ಟಿ, ಓದಿಕೋ ಹೋಗಪ್ಪಾ ಎಂದು ಕಳಿಸಿದರು. ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಕಾವಿ ಬಿಚ್ಚಿ ಪ್ಯಾಂಟು ಹಾಕಿಕೊಂಡೆ. ಅದೂ ಬಟ್ಟೆಯೇ. ಲೆಕ್ಚರರು ಇಂಗ್ಲಿಷಿನಲ್ಲಿ ಹೇಳುವ ಫಿಸಿಕ್ಸು ಅರ್ಧ ತಿಳಿಯುತ್ತದೆ. ತಿಳಿಯದ ಅರ್ಧವನ್ನೂ ಬರೆದುಕೊಳ್ಳುತ್ತೇನೆ, ಮಠದ ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸ ಅದು. ಹಾಜರಿ ಕೂಗುವಾಗ ಮಾತ್ರ ನನ್ನ ಹೆಸರು ಬಿಟ್ಟುಹೋಗದಿರಲಿ ಎಂದು ಕಿವಿಗೊಟ್ಟು ಕೂರುತ್ತೇನೆ.

ಏಕೆಂದರೆ ನನ್ನದು ಇನ್ನೂ ಪ್ರಾವಿಷನಲ್ ಅಡ್ಮಿಷನ್. ಸದ್ಯಕ್ಕೆ ಕೂರಿಸಿಕೊಂಡಿದ್ದಾರೆ, ಕಾಗದಪತ್ರ ಸರಿಯಾಗದಿದ್ದರೆ ಎಬ್ಬಿಸುತ್ತಾರೆ. ನನ್ನ ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಗುರುಗಳ ಹೆಸರಿದೆ. ಮಠಕ್ಕೆ ಕೊಟ್ಟ ಮಕ್ಕಳಿಗೆಲ್ಲ ಹಾಗೇ ಬರೆಸುತ್ತಿದ್ದರು. ಹಿಂದಿನ ಸಲ ಸೇರುವಾಗ ಗುರುಗಳೇ ಇದ್ದರು, ಯಾರೂ ಕೇಳಲಿಲ್ಲ. ಈಗ ಕಾಲೇಜಿನ ಗುಮಾಸ್ತ ವಾಮದೇವಪ್ಪನವರು ಕನ್ನಡಕ ಏರಿಸಿ, "ಸ್ವಾಮ್ಗಳಿಗೆ ಮಗ ಹೆಂಗ ಹುಟ್ಟಿದ್ನಪ್ಪಾ? ಇದೇನು ಪವಾಡ ಐತೋ?" ಎಂದರು. ಆಫೀಸೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಅವರೇ ಒಂದು ಫಾರಂ ಕೊಟ್ಟು, "ಹೆತ್ತೋರು ಇದ್ದಾರಲ್ಲ? ಇಬ್ರಾಗ ಒಬ್ರು ಇವ ನನ್ ಮಗ ಅಂತ ಸಹಿನೋ ಹೆಬ್ಬೆಟ್ಟೋ ಹಾಕಿದ್ರೆ ಸಾಕು. ಸೋಮವಾರ ದಾಟಬಾರ್ದು ನೋಡು" ಎಂದರು.

ಹೋದ ಭಾನುವಾರ ಹರಿಹರಕ್ಕೆ ಬಂದದ್ದು ಅದಕ್ಕೇ. ಬಸ್‌ಸ್ಟ್ಯಾಂಡಿನಲ್ಲೇ ಕೆಂಚವ್ವ, ಮಠಕ್ಕೆ ಮೊಸರು ತರುತ್ತಿದ್ದ ಆ ಮುದುಕಿ, ಗುರುತು ಹಿಡಿದು ಕಾಲಿಗೆ ಬಿದ್ದಳು. "ಈ ಪ್ಯಾಂಟು ನಿಮಗ ಬ್ಯಾಡ್ರಿ ಬುದ್ಧಿ, ಕೊಕ್ಕರೆ ಕಂಡಂಗ ಕಾಣ್ತೀರಿ" ಎಂದಳು. ಮನೆಯ ಬಾಗಿಲಲ್ಲಿ ನೀನೂ ಬಿದ್ದೆ. ನಿನ್ನ ಮೊಣಕಾಲು ಲಟಕ್ಕೆಂದದ್ದು ನನಗೆ ಕೇಳಿಸಿತು. ಚಾಪೆಯ ಮೇಲೆ ಕಂಬಳಿ ಹಾಸಿ ಕೂರಿಸಿ, ಹಾಲು, ಬಾಳೆಹಣ್ಣು ಇಟ್ಟು ದೂರ ನಿಂತೆ. ಅಪ್ಪ ಫಾರಂ ಮುಟ್ಟಲಿಲ್ಲ. "ಎರಡು ಕೂಸು ಮಣ್ಣು ಮಾಡಿದ ಮ್ಯಾಲೆ ಹರಕೆ ಹೊತ್ತು ಕೊಟ್ಟಿದ್ದು ನಿಮ್ಮನ್ನ. ಈಗ ನಮ್ಮ ಮಗ ಅಂತ ವಾಪಸ್ ಬರಸ್ಕಂಡು, ನಾಳೆ ಕಸ್ತೂರಿಗೆ ಏನಾರ ಆದ್ರೆ ಯಾರ್ ಹೊಣೆ ಬುದ್ಧಿ?" ಎಂದರು. ಅರ್ಧ ಹಣ್ಣು ತಿಂದೆ. ಸಿಹಿಯಾಗಿತ್ತೋ ಇಲ್ಲವೋ ನೆನಪಿಲ್ಲ. ಉಳಿದ ಅರ್ಧವನ್ನು ನೀನು ಪ್ರಸಾದವೆಂದು ಕಸ್ತೂರಿಯ ಬಾಯಿಗಿಟ್ಟೆ. ವಾಪಸ್ ಬರುವಾಗ ಬಸ್ಸು ನಡುದಾರಿಯ ಬಾತಿ ದಾಟಿದ್ದು ನನಗೆ ತಿಳಿಯಲೇ ಇಲ್ಲ.

ನಾನೇ ಇನ್ನೊಮ್ಮೆ ಬರಬಹುದಿತ್ತು. ಬಂದರೆ ನೀನು ಮತ್ತೆ ಕಂಬಳಿ ಹಾಸುತ್ತೀ. ನಾನು ಮತ್ತೆ ಕೂರುತ್ತೇನೆ.

ಅಪ್ಪನಿಗೆ ನನ್ನ ನಮಸ್ಕಾರ, ಹೇಳುವಂತಿದ್ದರೆ ಹೇಳು. ಇಷ್ಟು ವರ್ಷ ಕಾಲಿಗೆ ಬಿದ್ದವರಿಗೆಲ್ಲ ಆಶೀರ್ವಾದ ಮಾಡಿದ್ದೇನೆ. ಈ ಸಲ ಅದನ್ನು ನಿನ್ನಿಂದ ಬೇಡುತ್ತಿದ್ದೇನೆ.

ಇತಿ, ನಿನ್ನ
ಕರಿಬಸವರಾಜ

ತಾ.ಕ.: ಫಾರಂ ಇದರೊಳಗೇ ಮಡಿಸಿಟ್ಟಿದ್ದೇನೆ. ಹೆಬ್ಬೆಟ್ಟು ಒತ್ತುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುಂಡಗೆ ಗುರುತು ಹಾಕಿದ್ದೇನೆ, ಮಸಿ ಖುರ್ಷೀದಾ ಟೀಚರ ಹತ್ತಿರ ಇರುತ್ತದೆ. ಕಸ್ತೂರಿಗೆ ಏನೂ ಆಗುವುದಿಲ್ಲವೆಂದು ಮಾತು ಕೊಡಲಾರೆ ಅವ್ವಾ. ಮಠದವನಾಗಿದ್ದರೆ ಕೊಟ್ಟುಬಿಡುತ್ತಿದ್ದೆ. ಮಗನಾಗಿ ಬರೆಯುತ್ತಿರುವುದರಿಂದ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವುದಿಲ್ಲ. ಒತ್ತಲು ಕೈ ಬಾರದಿದ್ದರೆ ಖಾಲಿಯೇ ಕಳಿಸು, ಮತ್ತೆ ಕೇಳುವುದಿಲ್ಲ. ಹೇಗಾದರೂ ಸರಿ, ಶನಿವಾರದ ಟಪಾಲಿಗೆ ನನ್ನ ಕೈ ಸೇರಬೇಕು. ಬೇಗ ಉತ್ತರ ಕಳಿಸು.