ಬಟ್ಟಲಿನಿಂದ ಬಂದ ಎಳೆ

ಕಲ್ಯಾಣದುರ್ಗ, ಮಂಗಳವಾರ

ಹಿಂದೂಪುರದ ನನ್ನ ಹಟಮಾರಿ ಅಜ್ಜಿಗೆ,

ಇವತ್ತು ಮರ ತಿರುಗಿಸುವ ಲೇತ್ ಯಂತ್ರದ ಮೇಲೆ ಬೇವಿನ ಬಟ್ಟಲು ಕಡೆಯುತ್ತಿದ್ದೆ. ಹಸಿ ಮರದ ಸಿಪ್ಪೆ ಉದ್ದನೆಯ ಎಳೆಯಾಗಿ ಹೊರಬಂತು. ಅದು ತುಂಡಾಗದಿರಲಿ ಎಂದು ಉಳಿ ಬಿಟ್ಟು ಎಡಗೈ ಚಾಚಿಬಿಟ್ಟೆ! ಕೆಲಸ ಕಲಿಸುವ ಗಿರಿಯಪ್ಪ ಸ್ವಿಚ್ ಆರಿಸಿ ಕೂಗಿದರು: "ಅದೇನು ನೂಲೇನಮ್ಮಾ ಹಿಡಿಯೋಕೆ? ಬೆರಳೇ ಹೋಯ್ತಿತ್ತು! ಇನ್ನೊಂದ್ಸಲ ಹಿಂಗ್ ಮಾಡಿದ್ರೆ ಬಸ್ ಹತ್ತಿಸಿ ಊರಿಗೆ ಕಳಿಸ್ಬುಡ್ತೀನಿ."

ಹೆದರಬೇಡ, ಹತ್ತು ಬೆರಳೂ ನೆಟ್ಟಗಿವೆ. ನಾಳೆಯಿಂದ ಎರಡೂ ಕೈ ಉಳಿಯ ಮೇಲೇ ಇರುತ್ತವೆ.

ನೇಯ್ಗೆ ನಮ್ಮ ಕುಲಕಸುಬು, ಅದು ರಕ್ತದಲ್ಲಿರುತ್ತದೆ ಎಂದು ನೀನು ಅಂದದ್ದಕ್ಕೆ ಮರಗೆಲಸ ಯಾರು ಬೇಕಾದರೂ ಕಲಿಯಬಹುದು ಎಂದಿದ್ದ ಈ ತರಬೇತಿಯ ಕರಪತ್ರ ತೋರಿಸಿ ಜಗಳವಾಡಿ ಬಂದವಳು ನಾನು. ಈಗ ಗೆದ್ದೆ ಎನ್ನಬೇಡ. ಎಳೆ ಕಂಡೊಡನೆ ಕೈ ಚಾಚಿದ್ದು ರಕ್ತದ ಕೆಲಸವಲ್ಲ. ಆರು ವರ್ಷದವಳನ್ನು ಮಗ್ಗದ ಪಕ್ಕ ಕೂರಿಸಿಕೊಂಡು ಎಳೆ ಹಿಡಿಯಲು ಕಲಿಸಿದವಳು ನೀನು.

ಕಾರ್ಡ್ ತುಂಬಿತು.
ನಿನ್ನ ಕೀರ್ತನಾ