ಬೇಬಿಯಕ್ಕನ ಬುಟ್ಟಿ

ಆಯಿ,

ಇವತ್ತು ನಾನು ಮೀನಿನ ಬುಟ್ಟಿಯನ್ನು ಒದ್ದೆ. ಬುಟ್ಟಿಗೆ ಅಪ್ಪಿತಪ್ಪಿ ಕಾಲು ತಾಗಿದರೂ ಮುಟ್ಟಿ ನಮಸ್ಕಾರ ಮಾಡಿಸುತ್ತಿದ್ದ ತಾಯಿ ನೀನು.

ಅವತ್ತು ಕುಸಿದು ನಿನ್ನನ್ನು ನುಂಗಿ ಉಳಿದ ಅರ್ಧ ಧಕ್ಕೆಯಲ್ಲೇ, ದೋಣಿ ನಿಲ್ಲುವ ಆ ಕಟ್ಟೆಯಲ್ಲೇ, ಈಗಲೂ ದೋಣಿಗಳು ಮೀನು ಇಳಿಸುತ್ತವೆ. ಅದರ ತೊಲೆಗಳ ಅಡಿಗೆ ನಾವು ಕೂದಲಿನಷ್ಟು ಸಪೂರವಾದ ಗಾಜಿನ ಎಳೆ, ಆಪ್ಟಿಕಲ್ ಫೈಬರ್, ಅಂಟಿಸಿದ್ದೇವೆ. ಅದರೊಳಗೆ ಬೆಳಕು ಓಡುತ್ತಿರುತ್ತದೆ. ತೊಲೆ ಕಣ್ಣಿಗೆ ಕಾಣದಷ್ಟು ಬಾಗಿದರೂ ಆ ಬೆಳಕಿನಲ್ಲಿ ಗೊತ್ತಾಗುತ್ತದೆ. ಕಾರವಾರದ ಆಫೀಸಿನಲ್ಲಿ ಅದನ್ನು ನೋಡುವುದೇ ನನ್ನ ಕೆಲಸ.

ಇವತ್ತು ತಪಾಸಣೆಗೆಂದು ಧಕ್ಕೆಗೇ ಬಂದಿದ್ದೆ. ಲ್ಯಾಪ್‌ಟಾಪಿನಲ್ಲಿ ತೊಲೆಯ ಬಾಗು ತೋರಿಸುವ ಗೆರೆ ಏರುತ್ತಲೇ ಹೋಯಿತು, ಇಳಿಯಲೇ ಇಲ್ಲ. ಧಕ್ಕೆ ಬೀಳುತ್ತದೆಂದು ಕೂಗಾಡಿ ಎಲ್ಲರನ್ನೂ ದಡಕ್ಕೆ ಓಡಿಸಿದೆ. ಮೀನು ಮಾರುವ ಹಾರವಾಡದ ಬೇಬಿಯಕ್ಕ ಮಾತ್ರ ಮತ್ತೆ ಧಕ್ಕೆಯ ಕಡೆಗೇ ತಿರುಗಿದಳು.

"ತಡಿಯೇ, ಬುಟ್ಟಿ ತಕಂಡೆ ಬತ್ತೆ."

ಅದೇ ಮಾತು, ಆಯಿ. ನನ್ನನ್ನು ಇದೇ ದಡದಲ್ಲಿ ನಿಲ್ಲಿಸಿ ನೀನು ತಿರುಗಿ ಹೋದದ್ದೂ ಅದೇ ಮಾತು ಹೇಳಿ.

ಅವಳಿಗಿಂತ ಮುಂದೆ ಓಡಿ, ಅಂಕೋಲೆ ಪೇಟೆಗೆ ಹೊರಟಿದ್ದ ಬಂಗಡೆಯ ಬುಟ್ಟಿಯನ್ನು ಸಮುದ್ರಕ್ಕೆ ಒದ್ದು, ಅವಳನ್ನು ದಡಕ್ಕೆ ಎಳೆದು ತಂದೆ. ಅವಳು ನನ್ನ ಕೆನ್ನೆಗೆ ಬಾರಿಸಿದಳು. "ಮೀನಿಗೆ ಕಾಲ್ ಹಾಕ್ತ್ಯನೇ? ನಿನ್ನ ಆಯಿ ಇದೇ ಕಲ್ಸಿದ್ಲನೇ?" ಎಂದು ಕೇಳುತ್ತಿರುವಾಗಲೇ ಅವಳ ಬೆನ್ನ ಹಿಂದೆ ಧಕ್ಕೆ ಕುಸಿಯಿತು. ದೊಡ್ಡ ಸದ್ದೂ ಆಗಲಿಲ್ಲ.

ಈಗ ಬೇಬಿಯಕ್ಕ ನನ್ನ ಪಕ್ಕದಲ್ಲೇ ಕೂತು ಅಳುತ್ತಿದ್ದಾಳೆ. ನನ್ನ ಕೆನ್ನೆ ಉರಿಯುತ್ತಿದೆ.

ಅವತ್ತು ನಿನ್ನ ಬುಟ್ಟಿಯನ್ನೂ ಒದ್ದು, ನಿನ್ನ ಕೈಯಿಂದ ಇಂಥದೊಂದು ಏಟು ತಿನ್ನಬೇಕಿತ್ತು ನಾನು.